ನೂಡಲ್ಸ್‌ಗೆ ಮೂರು ಅಂಕ

ಅಪ್ಪಾ,

ನೀನು ತೀರಿಕೊಂಡ ಮೇಲೆ ಮೊದಲ ಸಲ ಇವತ್ತು ನಮ್ಮ ಮಾಮೂಲಿ ನೂಡಲ್ಸ್ ಅಂಗಡಿಗೆ ಒಬ್ಬನೇ ಹೋಗಿದ್ದೆ. ಪ್ರತಿ ಭಾನುವಾರ ನಾವಿಬ್ಬರೂ ಕೂತು, ತಿಂದದ್ದಕ್ಕೆ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕುತ್ತಿದ್ದ, ಕಾಲು ಅಲ್ಲಾಡುವ ಅದೇ ಮೇಜು. ನಿನ್ನ ನಿಯಮದಂತೆ ಸಾಸ್ ಬಾಟಲಿ ಮುಟ್ಟದೆ ಮೊದಲು ಮೂರು ಚಮಚ ಸೂಪು ಕುಡಿದೆ.

"ಎಷ್ಟು ಮಾರ್ಕ್ಸೋ ಇವತ್ತು?" ಅಂದಳು ಅಂಗಡಿಯ ಅಜ್ಜಿ.

"ಸೂಪಿಗೆ ಒಂಬತ್ತು. ನೂಡಲ್ಸ್ ಬೆಂದು ಮುದ್ದೆಯಾಗಿದೆ, ಐದು."

"ಶಾಲೆ ಬಿಟ್ಟು ಓಡಿ ಬಂದೋನು ಊರಿಗೆಲ್ಲ ಮಾರ್ಕ್ಸ್ ಹಾಕ್ತಾನೆ ಅಂತ ನಿಮ್ಮಪ್ಪ ಸುಮ್ನೆ ಹೇಳ್ತಿರ್ಲಿಲ್ಲ! ಬಾಯಲ್ಲಿ ಬೇಯಿಸ್ಬೇಡ, ಒಳಗೆ ಬಂದು ಒಲೆ ಮೇಲೆ ಬೇಯಿಸು."

ಬೇಯಿಸಿದೆ. ಗಂಟುಗಂಟಾಯಿತು. ಅಜ್ಜಿ ಒಂದು ಎಳೆ ಜಗಿದು "ನಾಲ್ಕು" ಅಂದಳು. ನಾನು ಕೈ ಒರೆಸಿಕೊಂಡು ಹೊರಟೆ.

"ಎಲ್ಲಿಗೋ? ಇನ್ನೊಂದ್ಸಲ ನೀರಿಡು."

ಆಗ ನನ್ನ ಹುಟ್ಟುಹಬ್ಬಕ್ಕೆಂದು ನೀನು ಮನೆಯಲ್ಲಿ ಮಾಡಿದ್ದ ನೂಡಲ್ಸ್ ನೆನಪಾಯಿತು. ನಾನು ಮೂರು ಕೊಟ್ಟಿದ್ದೆ. ನೀನು ನಕ್ಕುಬಿಟ್ಟೆ. ಆಮೇಲೆ ಅದನ್ನು ಬೇಯಿಸಿದ ಪಾತ್ರೆ ಅಟ್ಟ ಸೇರಿದ್ದು ಮತ್ತೆ ಇಳಿಯಲೇ ಇಲ್ಲ. ಈಗಲೂ ಸುಳ್ಳು ಹೇಳಲಾರೆ ಅಪ್ಪಾ, ಅದು ಮೂರೇ. ಆದರೆ ಅಂಕ ಹಾಕಿದ ಮೇಲೆ ಅಜ್ಜಿಯಂತೆ ಹೇಳಬೇಕಾದ ಮಾತೊಂದಿದೆ ಎಂದು ನನಗೆ ಗೊತ್ತಾದದ್ದು ಇವತ್ತು.

ಎರಡನೆಯ ಸಲ ಆರು ಬಂತು. ನಾಳೆ ಬೆಳಗ್ಗೆಯಿಂದಲೇ ಕೆಲಸಕ್ಕೆ ಬಾ ಎಂದಿದ್ದಾಳೆ ಅಜ್ಜಿ.

ಮನೆಗೆ ಬಂದು ನಿನ್ನ ಪಾತ್ರೆಯನ್ನು ಅಟ್ಟದಿಂದ ಇಳಿಸಿ, ಉಜ್ಜಿ ತೊಳೆದು ಒಲೆಯ ಮೇಲಿಟ್ಟಿದ್ದೇನೆ. ನೀರು ಕುದಿಯತೊಡಗಿದೆ. ಇಲ್ಲಿಗೆ ನಿಲ್ಲಿಸುತ್ತೇನೆ, ಈ ಸಲ ಒಂದು ನಿಮಿಷವೂ ಹೆಚ್ಚು ಬೇಯಬಾರದು.