ಬರೆದವರ ಹೆಸರು

ಚಿದ್ರಿ, ಬೀದರ
ಏಪ್ರಿಲ್ ೧೭, ೨೦೧೬

ಪ್ರೀತಿಯ ಅಣ್ಣಾ,

ಹೇಗಿದ್ದೀ? ಬೆನ್ನುನೋವು ಕಡಿಮೆಯಾಯಿತೇ? ದೀಪಾವಳಿಯಿಂದ ನಿನ್ನ ಫೋನ್ ಹತ್ತುತ್ತಿಲ್ಲ. ಪುಣೆಗೆ ಲಾರಿ ಒಯ್ಯುವ ನಮ್ಮ ಓಣಿಯ ದಸ್ತಗೀರನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ನೀನು ಕಟ್ಟಡದ ಕೆಲಸಕ್ಕಿದ್ದ ಜಾಗದಲ್ಲಿ ಕೇಳಿ ನೋಡುತ್ತಾನಂತೆ. ಇಲ್ಲಿ ನಳಕ್ಕೆ ನೀರಿಲ್ಲ. ಟ್ಯಾಂಕರ್ ಬಂದಾಗ ಅವ್ವನ ಬಾಯಿ ನೀನು ನೋಡಬೇಕು. ಹಲಬರ್ಗಾದ ಅತ್ತೆಯವರೂ ಮನೆಗೆ ಬೀಗ ಹಾಕಿ ಹೈದರಾಬಾದಿಗೆ ಹೋದರು.

ನೀನು ಬಿಟ್ಟುಹೋದ ಲ್ಯಾಪ್‌ಟಾಪು ಈಗ ನನ್ನದು, ಸಿಟ್ಟಾಗಬೇಡ. ಕಣ್ಣು ಕಾಣದವರಿಗೆ ಪುಸ್ತಕ ಓದಿ ಹೇಳುವ ಮುಕ್ತ ತಂತ್ರಾಂಶವೊಂದಿದೆ. ಯಾರು ಬೇಕಾದರೂ ತಿದ್ದಿ ಕಳಿಸಬಹುದು, ಹಾಗೆ ಕಳಿಸುವ ತಿದ್ದುಪಡಿಗೆ ಪ್ಯಾಚು ಎನ್ನುತ್ತಾರೆ. ಅದು ಕನ್ನಡ ಅಂಕಿಗಳನ್ನು ಓದದೆ ಹಾರಿಸುತ್ತಿತ್ತು, ಸರಿಪಡಿಸಿದೆ. ಜೊತೆಗೆ ಕಂಡಕಂಡಲ್ಲೆಲ್ಲ ಕೈಯಾಡಿಸಿ ಎಲ್ಲವನ್ನೂ ಒಟ್ಟಿಗೆ ಕಳಿಸಿದೆ, ನನ್ನ ಜಾಣತನ ನಿನಗೆ ಗೊತ್ತಲ್ಲ. ಅಲ್ಲಿ ಪರಿಶೀಲಿಸುವವರು ಮರಳಿಸಿದರು: ಒಂದು ಪ್ಯಾಚಿನಲ್ಲಿ ಒಂದೇ ತಿದ್ದುಪಡಿ ಇರಲಿ, ಯಾಕೆ ತಿದ್ದಿದಿರೆಂದೂ ಬರೆಯಿರಿ. ಬೇಳೆ ಹಸನು ಮಾಡುವ ಹಾಗೆ ಕೂತು, ಬೇಡದ ಸಾಲುಗಳನ್ನೆಲ್ಲ ಆರಿಸಿ ತೆಗೆದು ಮತ್ತೆ ಕಳಿಸಿದೆ. ಚೊಕ್ಕಟವಾಗಿದೆ ಎಂದರು.

ಆದರೆ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ನೀನು ಹಾಕಿಟ್ಟ ಹೆಸರು ಹಾಗೇ ಇತ್ತು. ನನ್ನ ಪ್ಯಾಚಿನ ಮೇಲೆ ಬರೆದವರು ಮಚ್ಛೇಂದ್ರ ಎಂದು ಬಂತು. ಮನೆಗೆ ಬಂದಿದ್ದ ದಸ್ತಗೀರ ಅದನ್ನು ನೋಡಿ ನನ್ನನ್ನು ಕೇಳದೆಯೇ ಅವ್ವನಿಗೆ ಹೇಳಿಬಿಟ್ಟ: “ನಿಮ್ಮ ಮಚ್ಛೇಂದ್ರ ಕೆಲಸ ಮಾಡ್ಲಕತ್ಯಾನ್ರಿ, ನಿನ್ನಿ ತಾರೀಖಿನ ಮ್ಯಾಲ ಅವನ ಹೆಸರ ಅದ.” ಅಂದಿನಿಂದ ಅವ್ವ ಓಣಿಯವರಿಗೆಲ್ಲ ಅದನ್ನೇ ಹೇಳುತ್ತಿದ್ದಾಳೆ. ನಾನು ಕಂಪ್ಯೂಟರ್ ತೆರೆದರೆ ಪಕ್ಕಕ್ಕೆ ಬಂದು ಕೂತು, “ಇವತ್ತ ಏನ್ ಬರ್ದಾನ ನೋಡವ್ವ” ಎನ್ನುತ್ತಾಳೆ. ನನಗೆ ಅಳು ಬರುತ್ತದೆ. ಬರೆದವಳು ನಾನು ಎನ್ನಲು ಬಾಯಿ ಏಳುತ್ತಿಲ್ಲ.

ಪ್ಯಾಚು ಸೇರಿಸುವ ಮೊದಲು ಹೆಸರು ಸರಿಯಿದೆಯೇ ಎಂದು ಪರಿಶೀಲಿಸುವವರು ಕೇಳಿದ್ದಾರೆ. ಒಮ್ಮೆ ಸೇರಿದರೆ ಬದಲಿಸುವುದಿಲ್ಲವಂತೆ. ಇದು ನನ್ನ ಮೊದಲ ಕೆಲಸ, ಅಣ್ಣಾ. ನನ್ನ ಹೆಸರು ಇರಲಿ ಎಂಬ ಆಸೆ ನನಗೂ ಇದೆ. ಅವ್ವನ ಮುಖ ನೋಡಿದರೆ ನಿನ್ನದೇ ಇರಲಿ ಎನಿಸುತ್ತದೆ.

ಎಲ್ಲಿದ್ದರೂ ಹೊತ್ತಿಗೆ ಸರಿಯಾಗಿ ಉಣ್ಣು. ಅವ್ವನ ಆಶೀರ್ವಾದ ಸದಾ ನಿನ್ನ ಜೊತೆಗಿದೆ.

ನಿನ್ನ ತಂಗಿ,
ಗೌತಮಿ

ತಾ.ಕ.: ದಸ್ತಗೀರ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ. ಪತ್ರ ಮಡಚುವ ಮುನ್ನ ಅವ್ವನಿಗೆ ಎಲ್ಲ ಹೇಳಿಬಿಟ್ಟೆ. “ನಿನ್ನ ಹೆಸರ ಹಾಕವ್ವ. ಅವನ ಹೆಸರು ಅವನೇ ಬಂದು ಹಾಕ್ಲಿ” ಎಂದಳು. ಬದಲಿಸಿದೆ. ಈಗ ಅಲ್ಲಿ ನಿನ್ನ ಹೆಸರಿಲ್ಲ, ಅಣ್ಣಾ. ಬಾ.