ಕಂಬ ಇಳಿಯುವ ವಯಸ್ಸಿನಲ್ಲಿ

ಕಪ್ಪತಗುಡ್ಡದ ಗಾಳಿಸಾಲು
ಇಸವಿ ೨೧೮೬, ಫೆಬ್ರವರಿ ೩೦

ನಮಗಿಂತ ಆರು ತಲೆಮಾರು ಹಿಂದೆ ಬದುಕುತ್ತಿರುವ, ಐವತ್ತು ದಾಟಿದ ಹಿರಿಯರಿಗೆ ಹೊನ್ನವ್ವನ ನಮಸ್ಕಾರಗಳು.

ಮೇಲಿನ ತಾರೀಖು ಕಂಡು ಹುಬ್ಬೇರಿಸಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತು ದಿನ. ಉಳಿದವು ಯಾವ ತಿಂಗಳಿಗೂ ಸೇರದ ರಜೆಗಳು. ನನ್ನ ಕೆಲವು ಮಾತುಗಳೂ ನಿಮ್ಮ ಕಿವಿಗೆ ಒರಟಾಗಿ, ಅಪರಿಚಿತವಾಗಿ ಕೇಳಿಸಬಹುದು, ಕ್ಷಮಿಸಿ. ಕೆಲಸದಿಂದ ಇಳಿಯುವ ಮುಂಚೆ ಹಿಂದಿನವರಿಗೊಂದು ಪತ್ರ ಬರೆದು ಗುಡ್ಡದ ಕಲ್ಲುಪೆಟ್ಟಿಗೆಯಲ್ಲಿಡುವುದು ನಮ್ಮ ಕಡೆಯ ವಾಡಿಕೆ. ಅದು ನಿಮ್ಮನ್ನು ಹೇಗೆ ಮುಟ್ಟುತ್ತದೆಂದು ಯಾರೂ ನನಗೆ ಹೇಳಿಲ್ಲ, ನಾನೂ ಕೇಳಿಲ್ಲ.

ನನ್ನ ಕೆಲಸ ಗಾಳಿಕಂಬ ಹತ್ತುವುದು. ನಿಮ್ಮ ಕಾಲದಲ್ಲಿಯೂ ಈ ಗುಡ್ಡದ ಮೇಲೆ ಗಾಳಿಯಂತ್ರಗಳಿದ್ದುವಂತೆ. ಈಗಿನವು ಅವಕ್ಕಿಂತ ಎರಡು ಪಟ್ಟು ಎತ್ತರ. ರೆಕ್ಕೆ ಸರಿಪಡಿಸಲು ಯಂತ್ರಗಳಿಲ್ಲವೇ ಎಂದು ಕೇಳುತ್ತೀರಿ. ಇದ್ದವು. ಇಲ್ಲಿಯ ಕೆಂಪು ಧೂಳು ಅವುಗಳ ಕೀಲುಗಳನ್ನು ತಿಂದುಹಾಕಿತು. ಆದ್ದರಿಂದ ಮನುಷ್ಯರೇ ಹತ್ತುತ್ತೇವೆ, ಯಾವಾಗಲೂ ಇಬ್ಬರಿಬ್ಬರಾಗಿ. ಅರುವತ್ತು ತುಂಬುವವರೆಗೆ ಹತ್ತಿದವರಿಗೆ 'ಇಳಿಪಾಲು' ಸಿಗುತ್ತದೆ. ಅಂದರೆ ಸಾಯುವತನಕ ಪ್ರತಿ ತಿಂಗಳೂ ಮನೆಗೆ ಬರುವ ಹಣ. ನೀವು ಪಿಂಚಣಿ ಎನ್ನುತ್ತಿದ್ದುದು. ವರ್ಷಕ್ಕೊಮ್ಮೆ 'ಮೈತನಿಖೆ' ನಡೆಯುತ್ತದೆ. ಅಲ್ಲಿ ದೇಹ ಸೋತಿದೆ ಎಂದು ಕಂಡರೆ ಕೆಳಗಿನ ಕೆಲಸ ಕೊಡುತ್ತಾರೆ, ಸಂಬಳವೂ ಪಾಲೂ ಕಡಿಮೆಯಾಗುತ್ತವೆ. ಆದರೆ ರೋಗವನ್ನು ಬಚ್ಚಿಟ್ಟು ಹತ್ತಿದ್ದು ಗೊತ್ತಾದರೆ ಅರ್ಧ ಪಾಲೇ ಹೋಗುತ್ತದೆ. ಜೊತೆಗಾರನ ಜೀವವನ್ನೂ ಪಣಕ್ಕಿಟ್ಟ ತಪ್ಪಿಗೆ ಅದು ಶಿಕ್ಷೆ.

ನನ್ನ ಜೊತೆಗಾರ ಫಕ್ಕೀರಪ್ಪ, ಲಕ್ಕುಂಡಿಯವನು. ಹರೆಯದಲ್ಲಿ ಅವನಂತೆ ಹತ್ತುವವರು ಈ ಸಾಲಿನಲ್ಲಿಯೇ ಇರಲಿಲ್ಲ. ಹತ್ತುತ್ತಲೇ ಹಾಡುತ್ತಿದ್ದ, ಕಂಬದ ಕೊಳವೆಯೊಳಗೆ ಆ ದನಿ ಗುಂಯ್‌ಗುಡುತ್ತಿತ್ತು. ನಾನು ದಿನಾ ನಸುಕಿನಲ್ಲಿ ಗುಡ್ಡ ಸುತ್ತಿ ಬರುವುದನ್ನು ಕಂಡು ನಗುತ್ತಿದ್ದ. "ಕೂಲಿ ಕೊಡದ ಕೆಲಸ ಯಾಕ ಮಾಡ್ತಿ ಹೊನ್ನವ್ವ? ಕಂಬ ಹತ್ತೂದು ಸಾಕಾಗೂದಿಲ್ಲೇನ?" ಎನ್ನುತ್ತಿದ್ದ. ಮಗಳು ಮನೆ ಕಟ್ಟಿಸುವಾಗ ಅವನು 'ಹಸಿಕೊಯ್ಲು' ಮಾಡಿದ. ಮಾಗುವ ಮುಂಚೆಯೇ ಪಾಲಿನ ಒಂದು ಭಾಗವನ್ನು ಕಿತ್ತುಕೊಳ್ಳುವುದಕ್ಕೆ ನಮ್ಮಲ್ಲಿ ಹಾಗೆನ್ನುತ್ತಾರೆ. ಅಂದಿನಿಂದ ಅವನಿಗೆ ಒಂದು ವರ್ಷವನ್ನೂ ಬಿಡುವಂತಿರಲಿಲ್ಲ. ಕೆಳಗಿನ ಕೆಲಸಕ್ಕೆ ಇಳಿದರೆ ಮುಪ್ಪಿನಲ್ಲಿ ಇಬ್ಬರ ಹೊಟ್ಟೆಗೆ ಸಾಲದೆಂಬುದು ಅವನಿಗೂ ಅವನ ಹೆಂಡತಿ ದುರ್ಗವ್ವನಿಗೂ ಗೊತ್ತಿತ್ತು.

ಕಳೆದ ದೀಪಾವಳಿಯ ಹೊತ್ತಿಗೆ ಅವನ ಹಾಡು ನಿಂತಿತು. ಏಣಿಯ ನಡುನಡುವಿನ ಅಟ್ಟಣಿಗೆಗಳಲ್ಲಿ ಕುಳಿತು ಎದೆ ನೀವಿಕೊಳ್ಳುತ್ತಿದ್ದ.

"ಏನಾತೋ?" ಎಂದು ಕೇಳಿದೆ.

"ನಿನ್ನಿ ಮಿರ್ಚಿ ತಿಂದಿದ್ದೆ. ಎದಿ ಉರಿಯಾಕ ಹತ್ತೈತಿ."

"ಡಾಕ್ಟರ್ ಕಡೆ ಹೋಗಿ ಬಾ. ನಿನ್ನ ಕೆಳಗ ಹತ್ತಾಕಿ ನಾನದೇನಿ, ಮರೀಬ್ಯಾಡ."

"ಹೋಗಿ ಬಂದೆನಬೇ. ಏನೂ ಇಲ್ಲ ಅಂದ್ರು."

ನಂಬಿದೆ. ಅವನು ಹೋಗಿರಲಿಲ್ಲ.

ಸಂಕ್ರಾಂತಿ ಕಳೆದ ವಾರ ಗಾಳಿ ಜೋರಾಗಿತ್ತು. ಅಂಥ ದಿನ ಕಂಬದೊಳಗಿನ ಲಿಫ್ಟ್ ನಿಲ್ಲಿಸುತ್ತಾರೆ, ಏಣಿಯೇ ಗತಿ. ಅವನು ಮೇಲೆ, ನಾನು ಕೆಳಗೆ. ಅರ್ಧ ಕಂಬ ದಾಟಿದ್ದೆವು. ಇದ್ದಕ್ಕಿದ್ದಂತೆ ಅವನ ಬೂಟು ನನ್ನ ತಲೆಯ ಪಕ್ಕ ಜಾರಿ ಬಂತು. ತಲೆಯೆತ್ತಿ ನೋಡಿದರೆ ಅವನ ಕೈಗಳು ಏಣಿ ಬಿಟ್ಟಿದ್ದವು. ಸೊಂಟದ ಕೊಂಡಿಯೊಂದರ ಮೇಲೆ ಇಡೀ ದೇಹ ಜೋತುಬಿದ್ದಿತ್ತು. ಕೂಗಿದೆ. ಕೊಳವೆಯೊಳಗೆ ನನ್ನ ದನಿಯೇ ಮರಳಿ ಬಂತು. ಅವನ ಮುಖ ಬೂದಿಬಣ್ಣಕ್ಕೆ ತಿರುಗಿತ್ತು. ತುಟಿ ಮಾತ್ರ ಅಲುಗಿತು: "ಬಿಟ್ಟು ಇಳಿ... ಇಬ್ರೂ ಹೋಗ್ತೀವಿ."

"ಬಾಯಿ ಮುಚ್ಚು, ಉಸಿರು ತಗೋ!" ಎಂದೆ. ಅದನ್ನು ಎಷ್ಟು ಸಿಟ್ಟಿನಿಂದ ಹೇಳಿದೆನೆಂದರೆ ನನಗೇ ಹೆದರಿಕೆಯಾಯಿತು. ಮೇಲೇರಿ ಅವನ ತೊಡೆಯ ಕೆಳಗೆ ಹೆಗಲು ಕೊಟ್ಟು ಭಾರ ಹೊತ್ತೆ. ನನ್ನ ಹಗ್ಗವನ್ನು ಅವನ ಸೊಂಟಪಟ್ಟಿಗೆ ಬಿಗಿದು, ಮೇಲಿನ ಕಬ್ಬಿಣಕ್ಕೆ ಸುತ್ತಿ, ಅವನ ಕೊಂಡಿ ಕಳಚಿದೆ. ಕಳಚಿದ ಆ ಕ್ಷಣ ಹಗ್ಗ ಜರ್ರನೆ ಜಾರಿ ಅಂಗೈ ಸುಟ್ಟಿತು. ಹಿಡಿದೆ. ಒಂದೊಂದೇ ಅಟ್ಟಣಿಗೆ, ಒಂದೊಂದೇ ಗಂಟು. ದಿನಾ ಗುಡ್ಡ ಸುತ್ತಿದ ಕಾಲು ಮಡಚಲಿಲ್ಲ. ಕೆಳಗೆ ತಲುಪಿದಾಗ, ನನ್ನ ಕೂಗು ಕೇಳಿ ಬುಡದಲ್ಲಿದ್ದವರು ಕರೆಸಿದ್ದ ಡಾಕ್ಟರ್ ಬಿಬಿಜಾನ್ ತಮ್ಮ ಗಾಡಿಯೊಂದಿಗೆ ಕಾದಿದ್ದರು. ಅವನು ಉಸಿರಾಡುತ್ತಿದ್ದ.

ಬದುಕಿದ. ನಿಜವಾದ ಸಂಕಟ ಆಮೇಲೆ ಶುರುವಾಯಿತು. ಮುಂಚೆ ಏನಾದರೂ ಸೂಚನೆ ಇತ್ತೇ ಎಂದು ವಿಚಾರಣೆಯಲ್ಲಿ ಜೊತೆಗಾರ್ತಿಯನ್ನು ಕೇಳುವುದು ನಿಯಮ. ಹಿಂದಿನ ದಿನ ದುರ್ಗವ್ವ ನಮ್ಮ ಮನೆಗೆ ಬಂದಳು. ಚಹಾ ಕೊಟ್ಟರೆ ಮುಟ್ಟಲಿಲ್ಲ.

"ಅವತ್ತ ಒಮ್ಮಿಗ್ಲೇ ಆತು ಅಂತ ಹೇಳು ಹೊನ್ನವ್ವ. ಅಷ್ಟ ಸಾಕು. ಅರ್ಧ ಪಾಲಿನಾಗ ಅವನ ಔಷಧಾನೂ ಬರೂದಿಲ್ಲ. ಜೀವ ಉಳಿಸಿದಾಕಿ, ಅನ್ನಾನೂ ಉಳಿಸು."

ಮಾತು ಕೊಡದೆ, ಆರಿದ ಚಹಾ ಎತ್ತಿಟ್ಟೆ. ಸುಳ್ಳು ಹೇಳಿದರೆ ನಾಳೆ ಇನ್ನೊಬ್ಬ ಎದೆ ಮುಚ್ಚಿಕೊಂಡು ಹತ್ತುತ್ತಾನೆ, ಅವನ ಕೆಳಗೆ ಯಾರದೋ ಮಗಳು ಇರುತ್ತಾಳೆ. ನಿಜ ಹೇಳಿದರೆ ಮೂವತ್ತು ವರ್ಷ ನನ್ನೊಂದಿಗೆ ಬುತ್ತಿ ಹಂಚಿಕೊಂಡವನ ತಟ್ಟೆಯಿಂದ ರೊಟ್ಟಿ ಎತ್ತಿಕೊಂಡಂತೆ. ದುರ್ಗವ್ವ ಎದ್ದು ಹೋಗುವಾಗ ಬಾಗಿಲಲ್ಲಿ ತಿರುಗಿಯೂ ನೋಡಲಿಲ್ಲ.

ವಿಚಾರಣೆ ಆಸ್ಪತ್ರೆಯಲ್ಲೇ ನಡೆಯಿತು. ಅಧಿಕಾರಿ ನನ್ನ ಕಡೆ ತಿರುಗಿ ಪ್ರಶ್ನೆ ಕೇಳಿದರು. ನಾನು ಬಾಯಿ ತೆರೆದೆ. ಏನು ಹೇಳಲಿದ್ದೆನೋ ಇಂದಿಗೂ ನನಗೆ ಖಾತ್ರಿಯಿಲ್ಲ. ಅಷ್ಟರಲ್ಲಿ ಹಾಸಿಗೆಯಿಂದ ಫಕ್ಕೀರಪ್ಪನ ದನಿ ಬಂತು.

"ಆಕಿನ್ನ ಕೇಳಬ್ಯಾಡ್ರಿ. ದೀಪಾವಳಿಯಿಂದ ಎದಿ ಹಿಡೀತಿತ್ತು. ಡಾಕ್ಟರ್ ಕಡೆ ಹೋಗು ಅಂದಾಕಿ ಆಕಿ, ಸುಳ್ಳ ಹೇಳಿದಾಂವ ನಾನು."

ದುರ್ಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಡಾಕ್ಟರ್ ಮೆಲ್ಲಗೆ ಹೇಳಿದರು: "ಆವಾಗ ಬಂದಿದ್ರ ಗುಳಿಗಿ ಕೊಟ್ಟು ಒಂದ ತಿಂಗಳ ಕುಂದರಸ್ತಿದ್ದೆ, ಫಕ್ಕೀರಪ್ಪ. ಮತ್ತ ಹತ್ತತಿದ್ದಿ." ಅವನು ಗೋಡೆಯ ಕಡೆ ಮುಖ ಹೊರಳಿಸಿದ. ಅರ್ಧ ಪಾಲು ಹೋಯಿತು.

ಈಗ ಮಗಳು ತನ್ನ ಮನೆಯ ಒಂದು ಕೋಣೆಯನ್ನು ಅವರಿಗೆ ಕೊಟ್ಟಿದ್ದಾಳೆ. ದುರ್ಗವ್ವ ಸಸಿಮನೆಯಲ್ಲಿ ಬೀಜ ಬಿಡಿಸುವ ಕೆಲಸಕ್ಕೆ ಹೋಗುತ್ತಾಳೆ, ಐವತ್ತೆಂಟರಲ್ಲಿ ಹೊಸದಾಗಿ. ನನ್ನನ್ನು ಕಂಡರೆ ತಲೆಯಾಡಿಸುತ್ತಾಳೆ, ಮಾತಿಲ್ಲ. ಫಕ್ಕೀರಪ್ಪ ಮಾತ್ರ ದಿನಾ ಸಂಜೆ ಗುಡ್ಡದ ಬುಡದವರೆಗೆ ನಿಧಾನ ನಡೆದು ಬರುತ್ತಾನೆ.

ಹಿರಿಯರೇ, ನಿಮ್ಮ ಕಾಲದಲ್ಲಿ ಕಂಬಗಳ ಬದಲು ಮೇಜು ಕುರ್ಚಿಗಳಿರಬಹುದು, ಆದರೆ ಎದೆ ಅದೇ ಎದೆ. ಕೆಲಸದ ಕೊನೆಯ ವರ್ಷಗಳಲ್ಲಿ ನೋವನ್ನು ಮುಚ್ಚಿಟ್ಟು ಹಣ ಉಳಿಸುತ್ತೇವೆ ಎಂದುಕೊಳ್ಳುವವರು ನಿಮ್ಮಲ್ಲೂ ಇರುತ್ತಾರೆ. ಅವರಿಗೆ ಈ ಪತ್ರ ಓದಿ ಹೇಳಿ. ಮಕ್ಕಳ ಮೇಲಿನ ಪ್ರೀತಿಗೆ ಹಸಿ ಪೈರು ಕೊಯ್ಯುವ ಮುನ್ನ ಒಂದು ರಾತ್ರಿ ಗಂಡ ಹೆಂಡತಿ ಕುಳಿತು ಮಾತಾಡಲಿ.

ನಾಳೆ ನನ್ನ ಮೈತನಿಖೆ. ಅರುವತ್ತು ತುಂಬಲು ನನಗೆ ಇನ್ನೂ ಒಂದು ವರ್ಷ ಬಾಕಿಯಿದೆ. ಅಂದು ಅವನ ಭಾರ ಹೊತ್ತ ಬಲ ಹೆಗಲು ತಲೆಯ ಮೇಲಕ್ಕೆ ಏಳುತ್ತಿಲ್ಲ. ಯಾರಿಗೂ ಗೊತ್ತಿಲ್ಲ, ಕೂದಲನ್ನು ಎಡಗೈಯಲ್ಲೇ ಬಾಚಿಕೊಳ್ಳುತ್ತೇನೆ. ಕೈ ಎತ್ತು ಎಂದು ಡಾಕ್ಟರ್ ಹೇಳುವ ಮುಂಚೆಯೇ ನಾನಾಗಿ ಹೇಳಬೇಕು. ಬರೆಯುವಾಗ ಇದು ಸುಲಭ. ಹೇಳುವ ಧೈರ್ಯ ನನಗೆ ಬರಲೆಂದು ನೀವು ಇದ್ದಲ್ಲಿಂದಲೇ ಹರಸಿ.

ನಿಮ್ಮವಳೇ ಆದ,
ಹೊನ್ನವ್ವ