ಬಟ್ಟೆ ತಂತಿಯ ಹಿಂದಿನ ಬೆಂಕಿ

ಸ್ಟುಡಿಯೋದಿಂದ,
ಭಾನುವಾರ ಬೆಳಿಗ್ಗೆ

ನನ್ನ ಗುಬ್ಬಿಗೆ, ಅಂದರೆ ಈಗಿನ ಪತ್ರಿಕೆಯ ಫೋಟೋಗ್ರಾಫರ್ ಮೇಡಂ ಅವರಿಗೆ,

ನಿನ್ನ ಕಾಗದ ತಲುಪಿತು. ಅಲ್ಲಿ ಗಾಳಿ ಎದ್ದಿದೆಯಂತೆ, ಕುರುಚಲು ಗುಡ್ಡಗಳಿಗೆ ಬೆಂಕಿ ಬೀಳುತ್ತಿದೆಯಂತೆ, ಒಂದು ಒಳ್ಳೆಯ ಚಿತ್ರ ತಂದರೆ ಕೆಲಸ ಕಾಯಂ ಮಾಡುತ್ತಾರಂತೆ. ಅದಕ್ಕೆ ನನ್ನ ದೊಡ್ಡ ಕ್ಯಾಮೆರಾ ಬೇಕಂತೆ. ಕೇಳುವುದಕ್ಕೆ ನಾಚಿಕೆಯೂ ಆಗಲಿಲ್ಲವಲ್ಲೇ ನಿನಗೆ! ಕೊಡುವುದಿಲ್ಲ.

ಅಲ್ಲಾ ಕಣೇ, ಯಾಕೆ ಕೊಡಬೇಕು? ಕ್ಯಾಮೆರಾ ಹಿಡಿಯುವುದನ್ನು ಕಲಿಸಿದವಳು ನಾನು. ಮದುವೆಗಳಲ್ಲಿ ನನ್ನ ಹಿಂದೆ ಲೈಟ್ ಹಿಡಿದು ನಿಂತಲ್ಲೇ ತೂಕಡಿಸುತ್ತಿದ್ದವಳು ನೀನು. ಈಗ ನೋಡು, ಗುರುವಿಗೇ ತಿರುಮಂತ್ರ.

ಹೋದ ವರ್ಷ ನಮ್ಮ ಗುಡ್ಡ ಹತ್ತಿಕೊಂಡ ದಿನ ಇಬ್ಬರೂ ಒಟ್ಟಿಗೇ ಓಡಿದೆವು. ನಿಂತವರನ್ನು ತಳ್ಳುವಂಥ ಗಾಳಿ. ನನ್ನ ಕೈಯಲ್ಲಿ ಆಗಷ್ಟೇ ಕೊಂಡ ಇದೇ ದೊಡ್ಡ ಕ್ಯಾಮೆರಾ. ನಿನ್ನ ಕೊರಳಲ್ಲಿ ನಾನು ಬೇಡವೆಂದು ಎತ್ತಿಟ್ಟ ಹಳೆಯದು, ಲೆನ್ಸ್ ಬಿಗಿದುಕೊಂಡು ಬಿಚ್ಚುವುದಕ್ಕೇ ಬರುತ್ತಿರಲಿಲ್ಲ. ನಾನು ಜ್ವಾಲೆಯ ಬೆನ್ನು ಹತ್ತಿದೆ. ನೀನು ಯಾರದೋ ಹಿತ್ತಲಲ್ಲಿ ನಿಂತುಬಿಟ್ಟೆ. ಹಿಂದೆ ಗುಡ್ಡ ಉರಿಯುತ್ತಿದೆ, ಮುಂದೆ ಒಬ್ಬ ಹೆಂಗಸು ತಂತಿಯ ಮೇಲಿನ ಬಟ್ಟೆ ಎಳೆದುಕೊಳ್ಳುತ್ತಿದ್ದಾಳೆ, ಹೊದಿಕೆ ಗಾಳಿಗೆ ಅವಳ ಮುಖಕ್ಕೇ ಸುತ್ತಿಕೊಂಡಿದೆ. ಅದು ಪತ್ರಿಕೆಯ ಮೊದಲ ಪುಟಕ್ಕೆ! ನನ್ನ ಚಿತ್ರಗಳಲ್ಲಿ ಮೊದಮೊದಲಿನವು ಬರೀ ಹೊಗೆ, ಆಮೇಲಿನವುಗಳಲ್ಲಿ ಬರೀ ಕಪ್ಪು ಚುಕ್ಕೆ. ಕ್ಯಾಮೆರಾ ಅಂಗಡಿಯವನು ಕೆಟ್ಟ ಮಾಲು ದಾಟಿಸಿದ ಎಂದು ಆಗಲೇ ಹೇಳಿದ್ದೆನಲ್ಲ.

ಪಾಸ್‌ಪೋರ್ಟ್ ಫೋಟೋಗೆ ಬಂದವರೆಲ್ಲ ಆ ಹುಡುಗಿಯ ಅಕ್ಕ ನೀವೇನಾ ಎಂದು ಕೇಳುತ್ತಾರೆ. ಗಲ್ಲ ಸ್ವಲ್ಪ ಕೆಳಗೆ ಮಾಡಿ ಅನ್ನುತ್ತೇನೆ. ಅಮ್ಮನಂತೂ ನಾನು ತೆಗೆದ ಮದುಮಗಳ ಚಿತ್ರವನ್ನು ಸ್ಟುಡಿಯೋ ಗೋಡೆಯಿಂದ ಇಳಿಸಿ ನಿನ್ನ ಪುಟಕ್ಕೆ ಫ್ರೇಮ್ ಹಾಕಿಸಿದಳು. ಮೊಳೆ ಹೊಡೆದವಳು ನಾನೇ. ಹೌದೇ, ನನಗೆ ಹೊಟ್ಟೆಕಿಚ್ಚು. ಒಡಹುಟ್ಟಿದವಳ ಮೇಲೆ ಪಡಬಾರದು ಎಂದು ಗೊತ್ತು, ಗೊತ್ತಿದ್ದ ಮಾತ್ರಕ್ಕೆ ಕಮ್ಮಿಯಾಗುತ್ತದೆಯೇ? ದಿನಾ ಬಾಗಿಲು ತೆರೆದ ಕೂಡಲೇ ಆ ಚಿತ್ರದ ಮುಂದೆ ನಿಂತು ತಪ್ಪು ಹುಡುಕುತ್ತೇನೆ. ಒಂದೂ ಸಿಕ್ಕಿಲ್ಲ, ಹಾಳಾದ್ದು.

ಗಾಳಿ ಬೆಂಕಿಯನ್ನು ತರುವ ಕಡೆ ನಿಲ್ಲಬೇಡ. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೋ. ಅಮ್ಮ ಬರೆ ಅಂದಳು, ಅದಕ್ಕೆ ಬರೆದೆ.

ಕೋಪ ಇನ್ನೂ ಇಳಿಯದ,
ನಿನ್ನ ಅಕ್ಕ

ತಾ.ಕ.: ಜೊತೆಗಿರುವ ಪೊಟ್ಟಣವನ್ನು ಹುಷಾರಾಗಿ ಬಿಚ್ಚು, ಒಳಗೆ ದೊಡ್ಡ ಕ್ಯಾಮೆರಾ ಇದೆ. ರಿಪೇರಿ ಮಾಡಿಸಿದ್ದೇನೆ. ಲೆನ್ಸಿನ ಸುತ್ತ ಟೇಪ್ ಸುತ್ತಿದ್ದೇನೆ, ಗಾಳಿಯಲ್ಲಿ ಅಪ್ಪಿತಪ್ಪಿಯೂ ಕೀಳಬೇಡ. ಅಂಗಡಿಯವನದು ಏನೂ ತಪ್ಪಿಲ್ಲ. ಆ ಹಿತ್ತಲಲ್ಲಿ ನೀನು ಕ್ಯಾಮೆರಾ ಎತ್ತಿದಾಗ ಹಿಂತಿರುಗಿ ನಿನ್ನ ಮುಖ ನೋಡಿದೆ, ನಿನಗೆ ಏನೋ ಸಿಕ್ಕಿತು ಎಂದು ತಿಳಿಯಿತು. ನಿನಗಿಂತ ಮೊದಲು ನಾನೇ ತೆಗೆಯಬೇಕು ಎಂದು ಅವಸರದಲ್ಲಿ ಅಲ್ಲೇ ಲೆನ್ಸ್ ಬದಲಿಸಿದೆ. ಬೂದಿಯೆಲ್ಲ ಒಳಗೆ ಹೋಯಿತು, ಆ ಕಪ್ಪು ಚುಕ್ಕೆಗಳು ಅದರವೇ. ಇದಕ್ಕೆ ಬದಲಾಗಿ ಆ ಹಳೆಯ ಕ್ಯಾಮೆರಾ ಬೇಗ ಕಳಿಸು. ಇಲ್ಲೂ ಗಾಳಿ ಎದ್ದಿದೆ, ಗುಡ್ಡಕ್ಕೆ ನಾನೂ ಹೋಗುವವಳೇ.